ಮ್ಯಾಡ್ರಿಡ್‌ನಲ್ಲಿ ಊಟ ಕೇಳುವಷ್ಟು ಸ್ಪ್ಯಾನಿಷ್

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಶಿಕ್ಷಕಿ. ಮಗಳು ಮ್ಯಾಡ್ರಿಡ್‌ನಲ್ಲಿ ಕೆಲಸದಲ್ಲಿದ್ದಾಳೆ. ಇನ್ನೆರಡು ತಿಂಗಳಲ್ಲಿ ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹೋಗಿ ಮೂರು ತಿಂಗಳು ಇರುವವರಿದ್ದೇವೆ. ಹಗಲು ಅವಳು ಆಫೀಸಿಗೆ ಹೋದ ಮೇಲೆ ನಾವಿಬ್ಬರೇ ಊರು ನೋಡಬೇಕು, ಹೊರಗೇ ಉಣ್ಣಬೇಕು. ಆರು ವಾರದಿಂದ ಮೊಬೈಲ್ ಆ್ಯಪಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ‘ಹುಡುಗಿ ಸೇಬು ತಿನ್ನುತ್ತಾಳೆ’ ಎಂದು ಹೇಳಲು ಬರುತ್ತದೆ, ಒಂದು ಕಾಫಿ ಕೇಳಲು ಬರುವುದಿಲ್ಲ. ನಾವು ಸಸ್ಯಾಹಾರಿಗಳು, ನಾನು ಮೊಟ್ಟೆ ತಿನ್ನುತ್ತೇನೆ, ಅವರು ಅದನ್ನೂ ತಿನ್ನುವುದಿಲ್ಲ. ಈ ವಯಸ್ಸಿನಲ್ಲಿ, ಎರಡು ತಿಂಗಳಲ್ಲಿ, ಇಷ್ಟನ್ನು ಕಲಿಯಬಹುದೇ? ಚೀಟಿ ಬರೆದು ತೋರಿಸಿದರೆ ನಗುತ್ತಾರೆಯೇ?

ಉತ್ತರ: ಖಂಡಿತವಾಗಿ ಕಲಿಯಬಹುದು. ಹೋಟೆಲಿನಲ್ಲಿ ನಡೆಯುವ ಮಾತುಕತೆ ಎಲ್ಲ ದೇಶಗಳಲ್ಲಿಯೂ ಬಹಳ ಸಣ್ಣದು; ಅದೇ ಐದಾರು ಪ್ರಶ್ನೆಗಳು, ಅದೇ ಐದಾರು ಉತ್ತರಗಳು, ಮತ್ತು ನಡುನಡುವೆ ತಿನಿಸುಗಳ ಹೆಸರು. ಆದ್ದರಿಂದ ನಿಮಗೆ ಎರಡು ತಿಂಗಳು ಸಾಲದೆ ಹೋಗುವುದಿಲ್ಲ. ಆದರೆ ನೀವು ಹಿಡಿದಿರುವ ದಾರಿಯಲ್ಲಿ ಎರಡು ತೊಡಕುಗಳಿವೆ. ಒಂದು, ಆ್ಯಪು ನಿಮಗೆ ಸ್ಪ್ಯಾನಿಷನ್ನು ಇಂಗ್ಲಿಷಿನ ಮೂಲಕ ಕಲಿಸುತ್ತಿದೆ. ಊಟ ಕೇಳುವ ವಿಷಯದಲ್ಲಂತೂ ಅದು ಸುತ್ತುದಾರಿ. ಇನ್ನೊಂದು, ನೀವು ಹೇಳುವುದನ್ನು ಮಾತ್ರ ಅಭ್ಯಾಸ ಮಾಡುತ್ತಿದ್ದೀರಿ. ಅಲ್ಲಿ ಕಷ್ಟವಾಗುವುದು ಕೇಳಿಸಿಕೊಳ್ಳುವುದು.

ಮೊದಲನೆಯದನ್ನು ನೋಡೋಣ. ಇಂಗ್ಲಿಷ್ ಬಲ್ಲವರು ಕಾಫಿ ಕೇಳಲು ಹೊರಟರೆ ‘ನಾನೊಂದು ಕಾಫಿಯನ್ನು ಹೊಂದಬಹುದೇ’ ಎಂಬ ಅರ್ಥದ ‘ಪ್ವೇದೊ ತೆನೇರ್’ ಎಂಬ ವಾಕ್ಯ ಬಾಯಿಗೆ ಬರುತ್ತದೆ. ಸ್ಪೇನಿನವರು ಹಾಗೆ ಕೇಳುವುದಿಲ್ಲ. ಅವರು ‘ಮೆ ಪೋನೆ ಉನ್ ಕಫೇ?’ ಎನ್ನುತ್ತಾರೆ. ‘ಮೆ’ ಎಂದರೆ ನನಗೆ, ‘ಪೋನೆ’ ಎಂದರೆ ಹಾಕುತ್ತೀರಿ ಅಥವಾ ಇಡುತ್ತೀರಿ, ‘ಉನ್ ಕಫೇ’ ಎಂದರೆ ಒಂದು ಕಾಫಿ. ನಮ್ಮ ದರ್ಶಿನಿಗಳಲ್ಲಿ ‘ನನಗೊಂದು ಕಾಫಿ ಹಾಕಿ’, ‘ಎರಡು ದೋಸೆ ಹಾಕಿ’ ಎನ್ನುವುದಿಲ್ಲವೇ? ಅದೇ ಮಾತು, ಅದೇ ಕ್ರಿಯಾಪದ. ಇಬ್ಬರಿಗೂ ಸೇರಿ ಕೇಳುವಾಗ ‘ಮೆ’ ತೆಗೆದು ‘ನಮಗೆ’ ಎಂಬರ್ಥದ ‘ನೊಸ್’ ಇಟ್ಟರಾಯಿತು: ‘ನೊಸ್ ಪೋನೆ ದೋಸ್ ಕಫೇಸ್?’ ಇಲ್ಲಿ ದೋಸ್ ಎಂದರೆ ಎರಡು. ದೋಸೆಗೂ ಅದಕ್ಕೂ ಸಂಬಂಧವಿಲ್ಲ, ಆದರೆ ನೆನಪಿಟ್ಟುಕೊಳ್ಳಲು ಅನುಕೂಲ.

ಇಷ್ಟಕ್ಕೇ ಮುಗಿಯುವುದಿಲ್ಲ. ‘ನನಗೆ ಇದು ಇಷ್ಟ’ ಎಂದು ನಾವು ಚತುರ್ಥಿ ವಿಭಕ್ತಿಯಲ್ಲಿ ಹೇಳುವಂತೆಯೇ ಅವರೂ ‘ಮೆ ಗುಸ್ತ’ ಎನ್ನುತ್ತಾರೆ. ಇಂಗ್ಲಿಷ್ ಮೂಲಕ ಬಂದ ವಿದ್ಯಾರ್ಥಿಗಳು ಈ ಒಂದು ವಾಕ್ಯರಚನೆಗೆ ವಾರಗಟ್ಟಲೆ ತಿಣುಕುವುದನ್ನೂ, ಕನ್ನಡದಿಂದ ನೇರವಾಗಿ ಬಂದವರು ‘ಇದರಲ್ಲಿ ಹೊಸದೇನಿದೆ’ ಎಂದು ಮುಂದೆ ಹೋಗುವುದನ್ನೂ ಪಾಠ ಹೇಳುವಾಗ ನಾನು ಹಲವು ಬಾರಿ ಕಂಡಿದ್ದೇನೆ. ‘ನಾನು’ ಎಂಬ ಪದವನ್ನು ಹೇಳದಿದ್ದರೂ ‘ತಿನ್ನುತ್ತೇನೆ’ ಎಂಬ ಕ್ರಿಯಾಪದವೇ ಕರ್ತೃವನ್ನು ತಿಳಿಸುವಂತೆ, ಅಲ್ಲಿ ‘ಕೋಮೊ’ ಎಂದರೆ ಸಾಕು, ನಾನು ತಿನ್ನುತ್ತೇನೆ ಎಂದಾಯಿತು. ಮುಂದೆ ಒಂದು ‘ನೊ’ ಸೇರಿಸಿದರೆ ತಿನ್ನುವುದಿಲ್ಲ ಎಂದಾಯಿತು. ಪದಗಳ ಜೋಡಣೆಯಲ್ಲಿ ಮಾತ್ರ ಕನ್ನಡಿ ಹಿಡಿದಂತೆ ತಿರುಗಬೇಕು. ನಾವು ‘ಹಾಲಿನ ಜೊತೆ ಕಾಫಿ’ ಎಂದರೆ ಅವರು ಬಾಲದಿಂದ ಹಿಡಿದು ‘ಕಫೇ ಕೊನ್ ಲೇಚೆ’ ಎನ್ನುತ್ತಾರೆ: ಕಾಫಿ, ಜೊತೆ, ಹಾಲು. ‘ಸಕ್ಕರೆ ಇಲ್ಲದ ಕಾಫಿ’ ಎಂಬುದು ‘ಕಫೇ ಸಿನ್ ಅಸೂಕರ್’ ಆಗುತ್ತದೆ. ‘ಕೊನ್’ ಮತ್ತು ‘ಸಿನ್’, ಅಂದರೆ ಹಾಕಿ ಮತ್ತು ಹಾಕದೆ, ಇವೆರಡು ಪದಗಳು ನಿಮ್ಮ ಮೂರು ತಿಂಗಳ ಊಟದಲ್ಲಿ ಅರ್ಧ ಕೆಲಸವನ್ನು ಮಾಡಿಕೊಡುತ್ತವೆ. ಅಸೂಕರ್ ಎಂಬುದು ಅರಬ್ಬಿಯ ಮೂಲಕ ಹೋದ ನಮ್ಮ ಶರ್ಕರ, ಅಂದರೆ ಸಕ್ಕರೆಯೇ. ಕಿತ್ತಳೆಯನ್ನು ಅವರು ‘ನರಾನ್ಹ’ ಎನ್ನುವುದು ಸಂಸ್ಕೃತದ ನಾರಂಗದಿಂದ ಬಂದದ್ದು. ಶಿವಮೊಗ್ಗದ ಕಡೆ ಹೇಗೋ ಕಾಣೆ, ಕರಾವಳಿಯವರು ಆಲೂಗಡ್ಡೆಗೆ ಬಟಾಟೆ ಎನ್ನುತ್ತಾರೆ. ಸ್ಪೇನಿನಲ್ಲಿ ಅದು ‘ಪತಾತ’.

ಉಚ್ಚಾರಣೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಧೈರ್ಯಕ್ಕಾಗಿ ಹೇಳುತ್ತೇನೆ. ಸ್ಪ್ಯಾನಿಷಿನಲ್ಲಿ ಅ, ಎ, ಇ, ಒ, ಉ ಎಂಬ ಐದೇ ಸ್ವರಗಳು, ಮತ್ತು ಅವು ಎಲ್ಲಿ ಬಂದರೂ ಬರೆದಂತೆಯೇ ಕೇಳಿಸುತ್ತವೆ. ಇಂಗ್ಲಿಷಿನ ಅಭ್ಯಾಸದಿಂದ ನಾವು ಟೊಮ್ಯಾಟೊ ಎಂದು ಮೂರ್ಧನ್ಯ ಟಕಾರ ಬಳಸುತ್ತೇವೆ. ಅಲ್ಲಿ ಶುದ್ಧ ದಂತ್ಯ ತಕಾರವೇ ಬೇಕು, ‘ತೊಮಾತೆ’. ದಕಾರವೂ ಹಾಗೆಯೇ. ‘ಪೀಞ’ (ಅನಾನಸು) ಎನ್ನುವಾಗ ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ಞಕಾರಕ್ಕೆ ಕೆಲಸ ಸಿಗುತ್ತದೆ. ಹಳಗನ್ನಡ ಪಾಠ ಮಾಡುವಾಗ ನೀವು ಮಕ್ಕಳಿಗೆ ತೋರಿಸಿರಬಹುದಾದ ಶಕಟರೇಫ ಅಲ್ಲಿ ಇಂದಿಗೂ ಜೀವಂತವಾಗಿದೆ: ‘ಪೇರೊ’ ಎಂದರೆ ಆದರೆ, ನಾಲಗೆಯನ್ನು ಗುಡುಗಿಸಿ ‘ಪೇಱೊ’ ಎಂದರೆ ನಾಯಿ, ಅನ್ನಕ್ಕೆ ‘ಅಱೋಸ್’. ವಕಾರವಿರುವಲ್ಲಿ ಬಕಾರ ಕೇಳಿಸುತ್ತದೆ, ಇಂಗ್ಲಿಷಿನ ಹೆಚ್ ಅಕ್ಷರಕ್ಕೆ ಧ್ವನಿಯೇ ಇಲ್ಲ, ಜೆ ಅಕ್ಷರ ಗಂಟಲಿನಿಂದ ಬರುವ ಹಕಾರವಾಗುತ್ತದೆ. ಮ್ಯಾಡ್ರಿಡ್‌ನವರು ಕೆಲವು ಸಕಾರಗಳನ್ನು ನಾಲಗೆಯನ್ನು ಹಲ್ಲಿನ ನಡುವೆ ತಂದು ಉಚ್ಚರಿಸುತ್ತಾರೆ. ಅದನ್ನು ಅನುಕರಿಸಲು ಹೋಗಬೇಡಿ. ಲ್ಯಾಟಿನ್ ಅಮೆರಿಕದವರೂ ಕ್ಯಾನರಿ ದ್ವೀಪದವರೂ ಸರಳವಾದ ಸಕಾರವನ್ನೇ ಬಳಸುತ್ತಾರೆ, ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ. ನಾನು ಈ ಉತ್ತರದಲ್ಲಿ ಒತ್ತು ಬೀಳುವ ಕಡೆ ಹೆಚ್ಚಾಗಿ ದೀರ್ಘ ಬರೆದಿದ್ದೇನೆ; ಹಾಗೆಯೇ ಓದಿಕೊಳ್ಳಿ.

ಈಗ ಕೇಳಿಸಿಕೊಳ್ಳುವ ವಿಷಯ. ಎಷ್ಟು ಚೆನ್ನಾಗಿ ಬಾಯಿಪಾಠ ಮಾಡಿದ ವಾಕ್ಯವಾದರೂ ಸಪ್ಲೈಯರ್ ತಿರುಗಿ ಒಂದು ಪ್ರಶ್ನೆ ಕೇಳಿದೊಡನೆ ಕೈಕೊಡುತ್ತದೆ. ಆದ್ದರಿಂದ ಅವರ ಪ್ರಶ್ನೆಗಳನ್ನು ಅವರು ಕೇಳುವ ಕ್ರಮದಲ್ಲಿಯೇ ಕಲಿಯಬೇಕು. ಒಳಗೆ ಕಾಲಿಟ್ಟೊಡನೆ ‘ಪಾರ ಕ್ವಾಂತೊಸ್?’, ಎಷ್ಟು ಜನ ಎಂದು. ಕುಳಿತ ಮೇಲೆ ‘ಕೆ ಬಾನ್ ಅ ತೊಮಾರ್?’, ಏನು ತೆಗೆದುಕೊಳ್ಳುತ್ತೀರಿ ಎಂದು. ‘ತೊಮಾರ್’ ಎಂಬುದು ನಮ್ಮ ‘ತಗೊಳ್ಳುವುದು’ ಇದ್ದ ಹಾಗೆಯೇ, ತಿನ್ನುವುದಕ್ಕೂ ಕುಡಿಯುವುದಕ್ಕೂ ಸಲ್ಲುತ್ತದೆ. ನಂತರ ‘ಇ ಪಾರ ಬೆಬೇರ್?’, ಕುಡಿಯಲು? ನೀರು ಎಂದರೆ ಮತ್ತೊಂದು ಪ್ರಶ್ನೆ ಬರುತ್ತದೆ: ‘ಕೊನ್ ಗಾಸ್ ಒ ಸಿನ್ ಗಾಸ್?’ ನಿಮಗೆ ಬೇಕಾದದ್ದು ಸಿನ್ ಗಾಸ್, ಅಂದರೆ ಸೋಡಾ ಅಲ್ಲದ ನೀರು. ಅದಾದ ಮೇಲೆ ‘ಫ್ರೀಯ ಒ ದೆಲ್ ತಿಯೆಂಪೊ?’ ಎಂದರೆ ಗಾಬರಿಯಾಗಬೇಡಿ. ‘ತಿಯೆಂಪೊ’ ಎಂದರೆ ಕಾಲ, ಹವೆ. ‘ದೆಲ್ ತಿಯೆಂಪೊ’ ಎಂದರೆ ಹೊರಗಿನ ಹವೆಗೆ ಇದ್ದ ಹಾಗೆ, ಫ್ರಿಜ್ಜಿನಲ್ಲಿಡದ ನೀರು. ನಮ್ಮ ಹಿರಿಯರು ಬಯಸುವುದು ಇದನ್ನೇ. ಬಾಟಲಿ ನೀರಿಗೆ ಹಣ ಕೊಡುವುದು ಬೇಡವೆಂದರೆ ‘ಆಗ್ವ ದೆಲ್ ಗ್ರೀಫೊ’, ನಲ್ಲಿ ನೀರು ಎಂದು ಕೇಳಿ. 2022ರ ತ್ಯಾಜ್ಯ ಕಾಯ್ದೆಯ ಪ್ರಕಾರ ಸ್ಪೇನಿನ ಹೋಟೆಲುಗಳು ಅದನ್ನು ಉಚಿತವಾಗಿ ಒದಗಿಸಬೇಕು, ಮತ್ತು ಮ್ಯಾಡ್ರಿಡ್‌ನ ನಲ್ಲಿ ನೀರು ಕುಡಿಯಲು ಬಹಳ ಚೆನ್ನಾಗಿದೆ.

ಇನ್ನು ‘ಮೆನೂ’ ಎಂಬ ಪದ. ನಾವು ಮೆನು ಎಂದು ಕರೆಯುವ ತಿಂಡಿಪಟ್ಟಿಗೆ ಅಲ್ಲಿ ‘ಕಾರ್ತ’ ಎಂದು ಹೆಸರು. ‘ಮೆನೂ’ ಎಂದರೆ ‘ಮೆನೂ ದೆಲ್ ದೀಯ’, ದಿನದ ಊಟ. ಒಂದೇ ಬೆಲೆಗೆ ಮೊದಲ ಬಟ್ಟಲು, ಎರಡನೆಯ ಬಟ್ಟಲು, ಬ್ರೆಡ್ಡು, ಕುಡಿಯಲು ಏನಾದರೂ, ಕೊನೆಗೆ ಸಿಹಿ ಅಥವಾ ಕಾಫಿ. 1960ರ ದಶಕದಲ್ಲಿ ಪ್ರವಾಸಿಗರಿಗೆಂದು ಸರಕಾರವೇ ಕಡ್ಡಾಯಗೊಳಿಸಿದ್ದ ನಿಗದಿತ ಬೆಲೆಯ ಊಟವೊಂದು ಕ್ರಮೇಣ ಆಫೀಸು, ಕಾರ್ಖಾನೆಗಳ ಕೆಲಸಗಾರರ ನಿತ್ಯದ ಮಧ್ಯಾಹ್ನದೂಟವಾಗಿ ನೆಲೆನಿಂತಿತು. ನಮ್ಮಲ್ಲಿ ಫುಲ್ ಮೀಲ್ಸ್ ಇದ್ದಂತೆ, ಆದರೆ ಇಲ್ಲಿ ಆಯ್ಕೆ ನಿಮ್ಮದು. ‘ದೆ ಪ್ರಿಮೇರೊ?’ ಎಂದು ಕೇಳಿದರೆ ಮೊದಲನೆಯದರ ಪಟ್ಟಿಯಿಂದ ಒಂದನ್ನು ಹೇಳಬೇಕು, ‘ದೆ ಸೆಗೂಂದೊ?’ ಎಂದರೆ ಎರಡನೆಯದರಿಂದ. ಎರಡನೆಯ ಪಟ್ಟಿ ಬಹುಪಾಲು ಮಾಂಸ, ಮೀನುಗಳದ್ದೇ ಆಗಿರುತ್ತದೆ. ಆಗ ‘ದೋಸ್ ಪ್ರಿಮೇರೊಸ್’, ಎರಡೂ ಮೊದಲ ಪಟ್ಟಿಯಿಂದಲೇ ಕೊಡಿ, ಎಂದು ಕೇಳುವುದು ಸಂಪೂರ್ಣ ಒಪ್ಪಿತವಾದ ಸಂಗತಿ. ಅನೇಕ ಸ್ಥಳೀಯರೂ ಹಾಗೆ ಕೇಳುತ್ತಾರೆ. ಒಂದು ಎಚ್ಚರಿಕೆ: ಮಧ್ಯಾಹ್ನದ ಊಟ ಅಲ್ಲಿ ಎರಡು ಗಂಟೆಯ ಸುಮಾರಿಗೆ, ರಾತ್ರಿಯದು ಒಂಬತ್ತರ ಮೇಲೆ. ನೀವು ಹನ್ನೆರಡೂವರೆಗೆ ಹೋಗಿ ಊಟ ಕೇಳಿದರೆ ಸ್ಪ್ಯಾನಿಷ್ ಎಷ್ಟೇ ಶುದ್ಧವಾಗಿದ್ದರೂ ಅಡುಗೆಮನೆ ತೆರೆದಿರುವುದಿಲ್ಲ.

ಸಸ್ಯಾಹಾರದ ಮಾತಿಗೆ ಬರುತ್ತೇನೆ. ನಿಮ್ಮ ಪ್ರಶ್ನೆಯ ಕಠಿಣ ಭಾಗ ಇದೇ. ‘ಸಿನ್ ಕಾರ್ನೆ’, ಮಾಂಸವಿಲ್ಲದೆ, ಎಂದು ಹೇಳಿ ನಿಶ್ಚಿಂತರಾಗಬೇಡಿ. ನಾನು ಮೊದಲ ಸಲ ಮ್ಯಾಡ್ರಿಡ್‌ಗೆ ಹೋದಾಗ ಒಂದು ಸಣ್ಣ ಹೋಟೆಲಿನಲ್ಲಿ ‘ಹುದೀಯಸ್ ಬೇರ್ದೆಸ್’, ಹುರುಳಿಕಾಯಿ ಪಲ್ಯ, ಸಿನ್ ಕಾರ್ನೆ ಎಂದು ಕೇಳಿದೆ. ಬಂದ ತಟ್ಟೆಯಲ್ಲಿ ಕೆಂಪು ಚೂರುಗಳಿದ್ದವು. ಕೇಳಿದಾಗ ಆತ ಪ್ರಾಮಾಣಿಕವಾಗಿಯೇ, ‘ಇದು ಕಾರ್ನೆ ಅಲ್ಲ, ಹಮೋನ್’ ಎಂದ. ಹಮೋನ್ ಎಂದರೆ ಉಪ್ಪು ಹಾಕಿ ಒಣಗಿಸಿದ ಹಂದಿಯ ತೊಡೆ. ದಿನಬಳಕೆಯ ಮಾತಿನಲ್ಲಿ ‘ಕಾರ್ನೆ’ ಎಂದರೆ ತಟ್ಟೆಯಲ್ಲಿ ತುಂಡಾಗಿ ಬಡಿಸುವ ಮಾಂಸ. ಹಮೋನ್ ಬೇರೆಯ ಜಾತಿ, ಮೀನಂತೂ ಬೇರೆಯೇ. ಇದಕ್ಕೊಂದು ಹಿನ್ನೆಲೆ ಇದೆ. ಕ್ಯಾಥೊಲಿಕ್ ಸಂಪ್ರದಾಯದಲ್ಲಿ ಈಸ್ಟರ್‌ಗೆ ಮುಂಚಿನ ವ್ರತದ ದಿನಗಳಲ್ಲಿ ಮಾಂಸ ನಿಷಿದ್ಧ, ಮೀನು ನಿಷಿದ್ಧವಲ್ಲ. ಹೀಗಾಗಿ ‘ಮಾಂಸವಿಲ್ಲದ ಅಡುಗೆ’ ಎಂದರೆ ಮೀನಿರಬಹುದು ಎಂಬುದು ಆ ಭಾಷೆಯೊಳಗೇ ಕುಳಿತಿದೆ. ವ್ರತದ ದಿನದ ಕಡಲೆ–ಪಾಲಕ್ ಸಾರಿನಲ್ಲಿ ‘ಬಕಲಾಒ’ ಎಂಬ ಉಪ್ಪುಮೀನು ಸಾಮಾನ್ಯ.

ಆದ್ದರಿಂದ ಒಂದೊಂದನ್ನೂ ಹೆಸರಿಸಬೇಕು. ‘ನೊ ಕೋಮೊ ಕಾರ್ನೆ, ನಿ ಹಮೋನ್, ನಿ ಪೆಸ್ಕಾದೊ, ನಿ ಮರೀಸ್ಕೊ’: ಮಾಂಸ ತಿನ್ನುವುದಿಲ್ಲ, ಹಮೋನ್ ಕೂಡ, ಮೀನು ಕೂಡ, ಸಿಗಡಿ–ಏಡಿ–ಚಿಪ್ಪುಗಳೂ ಕೂಡ. ಯಜಮಾನರು ಕೊನೆಗೆ ‘ನಿ ವೇಬೊ’ ಸೇರಿಸಬೇಕು, ಅದು ಮೊಟ್ಟೆ. ಇದರ ಜೊತೆಗೆ ಕಲಿಯಬೇಕಾದ ಅತ್ಯಂತ ಬೆಲೆಯುಳ್ಳ ಪ್ರಶ್ನೆ ‘ಯೇಬ…?’ ಎಂಬುದು. ‘ಯೆಬಾರ್’ ಎಂದರೆ ಹೊತ್ತೊಯ್ಯುವುದು. ಆದರೆ ತಿನಿಸಿನ ಬಗ್ಗೆ ಹೇಳಿದಾಗ ‘ಇದಕ್ಕೆ ಹಾಕಿದ್ದೀರಾ’ ಎಂದಾಗುತ್ತದೆ. ‘ಯೇಬ ಹಮೋನ್?’, ‘ಯೇಬ ಅತೂನ್?’, ‘ಯೇಬ ಕಾಲ್ದೊ ದೆ ಕಾರ್ನೆ?’: ಹಮೋನ್ ಇದೆಯೇ, ಟ್ಯೂನಾ ಮೀನು ಇದೆಯೇ, ಮಾಂಸ ಬೇಯಿಸಿದ ನೀರು ಹಾಕಿದೆಯೇ. ಅದೇ ಕ್ರಿಯಾಪದದಿಂದ ‘ಪಾರ ಯೆಬಾರ್’ ಎಂದರೆ ಪಾರ್ಸೆಲ್.

ಎಲ್ಲಿ ಕೇಳಬೇಕು ಎಂಬುದೂ ಗೊತ್ತಿರಬೇಕು. ‘ಎನ್ಸಲಾದ ಮೀಕ್ಸ್ತ’ ಎಂಬ ಸಾಮಾನ್ಯ ಸಲಾಡಿನ ಮೇಲೆ ಟ್ಯೂನಾ ಇರುತ್ತದೆ; ‘ಸಿನ್ ಅತೂನ್’ ಎಂದರೆ ತೆಗೆದು ಕೊಡುತ್ತಾರೆ. ‘ಲೆಂತೇಹಸ್’ ಎಂಬ ಬೇಳೆಯ ಅಡುಗೆಯನ್ನು ಹಂದಿಯ ಸಾಸೇಜಿನ ಜೊತೆ ಬೇಯಿಸಿರುವುದೇ ಹೆಚ್ಚು. ಅದನ್ನು ತೆಗೆದು ಕೊಡಲು ಸಾಧ್ಯವಿಲ್ಲ, ಬಿಟ್ಟುಬಿಡಿ. ಮ್ಯಾಡ್ರಿಡ್‌ನ ಹೆಮ್ಮೆಯ ‘ಕೊಸೀದೊ’ ಹೆಸರಿಗೆ ಕಡಲೆಯದು, ಆದರೆ ಅದರ ಸಾರಿನಿಂದ ಹಿಡಿದು ಎಲ್ಲವೂ ಮಾಂಸದ್ದು. ‘ಪತಾತಸ್ ಬ್ರಾಬಸ್’ ಎಂಬ ಹುರಿದ ಆಲೂಗಡ್ಡೆಯ ಕೆಂಪು ಗೊಜ್ಜಿಗೆ ಕೆಲವೆಡೆ ಮಾಂಸದ ಕಾಲ್ದೊ ಸೇರುತ್ತದೆ. ಕೊರ್ದೊಬದ ಕಡೆಯ ‘ಸಲ್ಮೊರೇಹೊ’ ಟೊಮೆಟೊ, ಬ್ರೆಡ್ಡು, ಎಣ್ಣೆ ಅರೆದ ಗಟ್ಟಿ ತಣ್ಣನೆಯ ಸಾರು. ಮೇಲೆ ಉದುರಿಸುವ ಹಮೋನ್ ಮತ್ತು ಮೊಟ್ಟೆಯನ್ನು ಬೇಡವೆಂದರೆ ಅದು ನಿಮ್ಮದು. ‘ಗಸ್ಪಾಚೊ’ ಇನ್ನೂ ತೆಳು, ಪೂರ್ಣ ಸಸ್ಯಾಹಾರಿ. ಆದರೆ ಲಾ ಮಾಂಚ ಸೀಮೆಗೆ ಹೋದಾಗ ಪಟ್ಟಿಯಲ್ಲಿ ‘ಗಸ್ಪಾಚೊ ಮಂಚೇಗೊ’ ಎಂದು ಕಂಡರೆ ದೂರವಿರಿ, ಅದು ಮೊಲ ಮೊದಲಾದ ಬೇಟೆಮಾಂಸದ ಬಿಸಿ ಅಡುಗೆ. ‘ತೊರ್ತೀಯ’ ಎಂದರೆ ಮೆಕ್ಸಿಕೊದಲ್ಲಿ ಮೆಕ್ಕೆಜೋಳದ ರೊಟ್ಟಿ. ಸ್ಪೇನಿನಲ್ಲಿ ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್. ನಿಮಗೆ ಅದು ಎಲ್ಲೆಂದರಲ್ಲಿ ಸಿಗುತ್ತದೆ, ಯಜಮಾನರಿಗೆ ಆಗದು.

ಅವರಿಗೆ ಆಗುವಂಥವು ಬೇರೆ ಇವೆ. ‘ಪಾನ್ ಕೊನ್ ತೊಮಾತೆ’, ಸುಟ್ಟ ಬ್ರೆಡ್ಡಿನ ಮೇಲೆ ಟೊಮೆಟೊ ಮತ್ತು ಆಲಿವ್ ಎಣ್ಣೆ, ಬೆಳಗಿನ ತಿಂಡಿಗೆ ಒಳ್ಳೆಯದು. ‘ಪಿಮಿಯೆಂತೊಸ್ ದೆ ಪದ್ರೋನ್’ ಎಂಬ ಹುರಿದ ಹಸಿಮೆಣಸಿನಕಾಯಿ ನಮ್ಮ ಬಾಳಕದ ಮೆಣಸನ್ನು ನೆನಪಿಸುತ್ತದೆ. ಕೆಲವು ಖಾರ, ಕೆಲವು ಇಲ್ಲ ಎಂದು ಗಲೀಸಿಯದಲ್ಲಿ ಅದರ ಬಗ್ಗೆ ಗಾದೆಯೇ ಇದೆ. ‘ಪೀಸ್ತೊ’ ಎಂಬುದು ಟೊಮೆಟೊ, ದೊಣ್ಣೆಮೆಣಸಿನಕಾಯಿಗಳನ್ನು ಮೆತ್ತಗೆ ಬಾಡಿಸಿದ ಪಲ್ಯ. ಅದರ ಮೇಲೆ ಮೊಟ್ಟೆ ಒಡೆದು ಹಾಕುವ ಪದ್ಧತಿ ಇರುವುದರಿಂದ ‘ಸಿನ್ ವೇಬೊ’ ಎಂದು ಮೊದಲೇ ಹೇಳಿ. ದಕ್ಷಿಣಕ್ಕೆ ಹೋದರೆ ‘ಬೆರೆನ್ಹೇನಸ್ ಕೊನ್ ಮಿಯೆಲ್’ ತಪ್ಪಿಸಬೇಡಿ: ಕರಿದ ಬದನೆಕಾಯಿ ಹೋಳಿನ ಮೇಲೆ ಕಬ್ಬಿನ ಕಪ್ಪು ಪಾಕ ಸುರಿದಿರುತ್ತಾರೆ. ‘ಮಿಯೆಲ್’ ಎಂದರೆ ಜೇನಾದರೂ ಅಲ್ಲಿ ಹಾಕುವುದು ಹೆಚ್ಚಾಗಿ ‘ಮಿಯೆಲ್ ದೆ ಕಾಞ’, ಮಲೆನಾಡಿನವರಿಗೆ ಜೋನಿ ಬೆಲ್ಲವೆಂದರೆ ತಟ್ಟನೆ ಅರ್ಥವಾಗುವಂಥದ್ದು. ಸಿಹಿತಿಂಡಿಗಳಲ್ಲಿ ಒಂದು ಪದವನ್ನು ಮರೆಯಬೇಡಿ. ‘ಮಂತೆಕೀಯ’ ಎಂದರೆ ಬೆಣ್ಣೆ, ‘ಮಂತೇಕ’ ಎಂದರೆ ಸ್ಪೇನಿನಲ್ಲಿ ಹಂದಿಯ ಕೊಬ್ಬು. ಕ್ರಿಸ್ಮಸ್ ಸಮಯದ ‘ಪೊಲ್ಬೊರೋನ್’ ಎಂಬ ಪುಡಿಪುಡಿ ಬಿಸ್ಕತ್ತಿನಲ್ಲಿ, ಮಯೋರ್ಕ ದ್ವೀಪದ ‘ಎನ್ಸೈಮಾದ’ ಎಂಬ ಸುರುಳಿ ಬನ್ನಿನಲ್ಲಿ ಅದಿರುತ್ತದೆ.

ಮಾತು ಸೋತಾಗ ಇನ್ನೊಂದು ಸಹಾಯವಿದೆ. ಐರೋಪ್ಯ ಒಕ್ಕೂಟದ ನಿಯಮದಂತೆ 2014ರ ಡಿಸೆಂಬರ್‌ನಿಂದ ಹೋಟೆಲುಗಳು ತಮ್ಮ ತಿನಿಸಿನಲ್ಲಿ 14 ಬಗೆಯ ಅಲರ್ಜಿಕಾರಕಗಳಲ್ಲಿ ಯಾವುವು ಇವೆ ಎಂಬುದನ್ನು ತಿಳಿಸಬೇಕು. ಆ ಹದಿನಾಲ್ಕರಲ್ಲಿ ಮೊಟ್ಟೆ, ಮೀನು, ಸಿಗಡಿ–ಏಡಿಗಳು, ಚಿಪ್ಪಿನ ಪ್ರಾಣಿಗಳು ಸೇರಿವೆ. ಎಷ್ಟೋ ಕಡೆ ಕಾರ್ತದಲ್ಲಿಯೇ ಸಣ್ಣ ಚಿತ್ರಗಳಿರುತ್ತವೆ. ಇಲ್ಲದಿದ್ದರೆ ‘ಲ ಕಾರ್ತ ದೆ ಅಲೇರ್ಹೆನೊಸ್’ ಎಂದು ಕೇಳಿ. ಯಜಮಾನರ ಮೊಟ್ಟೆಯ ಸಮಸ್ಯೆ ಇದರಿಂದ ಬಹುಮಟ್ಟಿಗೆ ಬಗೆಹರಿಯುತ್ತದೆ. ಆದರೆ ಮಾಂಸ ಅಲರ್ಜಿಯ ಪಟ್ಟಿಯಲ್ಲಿಲ್ಲ, ಹಮೋನ್‌ಗೆ ಚಿತ್ರವಿಲ್ಲ. ಅದನ್ನು ಬಾಯಿಬಿಟ್ಟೇ ಕೇಳಬೇಕು.

ಕಾಫಿಯ ವಿಷಯದಲ್ಲಿ ನಿಮಗೆ ತೊಂದರೆಯಾಗದು. ಹಾಲು ಹೆಚ್ಚಿದ್ದರೆ ಕಫೇ ಕೊನ್ ಲೇಚೆ, ಹನಿ ಹಾಲು ಮಾತ್ರವಿದ್ದರೆ ‘ಕೊರ್ತಾದೊ’, ಕರಿಕಾಫಿ ‘ಸೋಲೊ’. ಮಾಲಗ ಊರಿನಲ್ಲಿ ಮಾತ್ರ ಕಾಫಿ ಎಷ್ಟು, ಹಾಲು ಎಷ್ಟು ಎಂಬ ಪ್ರಮಾಣಕ್ಕೆ ತಕ್ಕಂತೆ ‘ನೆರಳು’, ‘ಮೋಡ’ ಎಂದೆಲ್ಲ ಹೆಸರುಗಳಿವೆ; ಬೈಟು, ಸ್ಟ್ರಾಂಗು, ಲೈಟು ಎಂದು ಕೂಗುವ ನಮಗೆ ಅದು ವಿಚಿತ್ರವೆನಿಸುವುದಿಲ್ಲ.

ಅಭ್ಯಾಸ ಹೀಗೆ ಮಾಡಿ. ಆ್ಯಪನ್ನು ಸಂಖ್ಯೆಗಳಿಗಷ್ಟೇ ಬಳಸಿ, ಒಂದರಿಂದ ನೂರರವರೆಗೆ; ಬಿಲ್ಲಿನ ಮೊತ್ತವನ್ನು ಅವರು ವೇಗವಾಗಿ ಹೇಳುತ್ತಾರೆ. ಮಗಳಿಗೆ ಹೇಳಿ, ಅವಳ ಮನೆಯ ಸುತ್ತಲಿನ ನಾಲ್ಕಾರು ಹೋಟೆಲುಗಳ ಬಾಗಿಲಿನ ಕಪ್ಪುಹಲಗೆಯ ಫೋಟೊ ತೆಗೆದು ಪ್ರತಿವಾರ ಕಳುಹಿಸಲಿ. ಮೆನೂ ದೆಲ್ ದೀಯದ ಆ ಹಲಗೆಯೇ ನಿಮ್ಮ ಪಠ್ಯಪುಸ್ತಕ; ಅದೇ ಮೂವತ್ತು–ನಲವತ್ತು ಪದಗಳು ಮತ್ತೆ ಮತ್ತೆ ಬರುವುದು ಎರಡನೆಯ ವಾರಕ್ಕೇ ನಿಮಗೆ ಕಾಣುತ್ತದೆ. ಸಪ್ಲೈಯರ್ ಕೇಳುವ ಪ್ರಶ್ನೆಗಳನ್ನು ಅವಳೇ ತನ್ನ ಧ್ವನಿಯಲ್ಲಿ, ನಿಧಾನಗೊಳಿಸದೆ, ಕ್ರಮ ತಪ್ಪಿಸಿ, ರೆಕಾರ್ಡ್ ಮಾಡಿ ಕಳುಹಿಸಲಿ. ರಾತ್ರಿ ಊಟಕ್ಕೆ ಕುಳಿತಾಗ ನೀವು ಬಡಿಸುವವರಾಗಿ, ಯಜಮಾನರು ಗಿರಾಕಿಯಾಗಲಿ. ಒಮ್ಮೊಮ್ಮೆ ಅವರು ಕೇಳಿದ್ದು ‘ನೊ ಕೇದ’, ಖಾಲಿಯಾಗಿದೆ, ಎನ್ನಿ. ಇನ್ನೊಂದನ್ನು ಹುಡುಕಲು ಅವರಿಗೂ ಅಭ್ಯಾಸವಾಗುತ್ತದೆ.

ನೀನು–ನೀವು ಎಂಬ ಭೇದ ಅಲ್ಲಿಯೂ ಇದೆ: ‘ತೂ’ ಮತ್ತು ‘ಉಸ್ತೇದ್’. ಸ್ಪೇನಿನ ಬಾರುಗಳಲ್ಲಿ ತೂ ಬಹಳ ಸಲೀಸಾಗಿ ಓಡಾಡುತ್ತದೆ, ಆದರೆ ನಿಮ್ಮ ವಯಸ್ಸಿಗೂ ಅಭ್ಯಾಸಕ್ಕೂ ಉಸ್ತೇದ್ ರೂಪವೇ ಒಪ್ಪುತ್ತದೆ. ಮೇಲೆ ಕೊಟ್ಟ ‘ಪೋನೆ’ ಅದೇ ರೂಪ. ಕರೆಯಲು ‘ಪೆರ್ದೋನೆ’ ಎನ್ನಿ. ಪ್ರತಿ ವಾಕ್ಯಕ್ಕೂ ‘ಪೊರ್ ಫಬೋರ್’ (ದಯವಿಟ್ಟು) ಅಂಟಿಸಬೇಕಾಗಿಲ್ಲ. ನಮ್ಮಲ್ಲಿದ್ದಂತೆ ಅಲ್ಲಿಯೂ ಸೌಜನ್ಯ ಧ್ವನಿಯಲ್ಲಿರುತ್ತದೆ. ಊಟ ಮುಗಿದರೂ ಬಿಲ್ಲು ಬರಲಿಲ್ಲವೆಂದು ಕಾಯುತ್ತ ಕೂರಬೇಡಿ. ಉಂಡ ಮೇಲೆ ಮೇಜಿನಲ್ಲೇ ಕುಳಿತು ಹರಟುವುದಕ್ಕೆ ಅವರಲ್ಲಿ ‘ಸೋಬ್ರೆಮೇಸ’ ಎಂಬ ಹೆಸರೇ ಇದೆ, ಅದರ ನಡುವೆ ಬಿಲ್ಲು ತಂದಿಡುವುದು ಎಬ್ಬಿಸಿ ಕಳುಹಿಸಿದಂತೆ. ‘ನೊಸ್ ತ್ರಾಯೆ ಲ ಕ್ವೆಂತ?’, ನಮಗೆ ಬಿಲ್ಲು ತರುತ್ತೀರಾ, ಎಂದು ನೀವೇ ಕೇಳಬೇಕು. ಟಿಪ್ಸ್ ಕಡ್ಡಾಯವಲ್ಲ.

ಚೀಟಿಯ ಬಗ್ಗೆ ಕೇಳಿದ್ದೀರಿ. ಯಾರೂ ನಗುವುದಿಲ್ಲ, ಅಡುಗೆಮನೆಯವರೆಗೆ ಒಯ್ದು ತೋರಿಸಲು ಸಪ್ಲೈಯರ್‌ಗೂ ಅದರಿಂದ ಅನುಕೂಲ. ಮಗಳಿಂದ ಸ್ಪ್ಯಾನಿಷ್ ಲಿಪಿಯಲ್ಲಿ ಬರೆಸಿ, ಕೆಳಗೆ ಕನ್ನಡ ಲಿಪಿಯಲ್ಲಿ ನೀವು ಬರೆದುಕೊಳ್ಳಿ, ಮತ್ತು ಸುಮ್ಮನೆ ಚಾಚದೆ ಮೊದಲ ಸಾಲನ್ನಾದರೂ ಓದಿ ಹೇಳಿ ಕೈಗೆ ಕೊಡಿ. ಆ ಮೊದಲ ಸಾಲಿನಲ್ಲಿ ಲಿಂಗಭೇದವಿದೆ. ನೀವೊಬ್ಬರೇ ಇದ್ದಾಗ ‘ಸೋಯ್ ಬೆಹೆತರಿಯಾನ’ ಎನ್ನಬೇಕು, ಯಜಮಾನರು ‘ಸೋಯ್ ಬೆಹೆತರಿಯಾನೊ’ ಎನ್ನಬೇಕು. ನೀವೂ ಮಗಳೂ ಹೋದಾಗ, ಅವಳೂ ಸಸ್ಯಾಹಾರಿಯಾಗಿಯೇ ಉಳಿದಿದ್ದರೆ, ‘ಸೋಮೊಸ್ ಬೆಹೆತರಿಯಾನಸ್’. ದಂಪತಿಗಳಿಬ್ಬರೂ ಕುಳಿತಾಗ ಮಾತ್ರ ಹೇಳುವವರು ನೀವೇ ಆದರೂ ವ್ಯಾಕರಣ ಯಜಮಾನರ ಕಡೆಗೇ ವಾಲುತ್ತದೆ: ‘ಸೋಮೊಸ್ ಬೆಹೆತರಿಯಾನೊಸ್’.